ಕಳಚಿಟ್ಟ ಡಿಸ್ಕಿನೊಳಗಿನ ಫೈಲನ್ನು ಹುಡುಕುವುದು ಹೇಗೆ?

ಹಲವು ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳಲ್ಲಿ ಚದುರಿರುವ ಫೈಲುಗಳ ಹುಡುಕಾಟ ಆಮೆಯ ವೇಗದಲ್ಲಿ ಸಾಗುತ್ತದೆ, ಅವುಗಳಲ್ಲಿ ಕಚೇರಿಯ ಡಿಸ್ಕ್‌ಗಳೂ ಹಳೆಯ ನುಡಿ ಫೈಲುಗಳೂ ಇವೆ ಎಂದು ಬರೆದಿದ್ದೀರಿ. ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್‌ಗಳಲ್ಲಿ ಇರುವುದು ವಿಂಡೋಸ್ ಹುಡುಕಾಟದಲ್ಲಿ ಏಕೆ ಸರಿಯಾಗಿ ಸಿಗುವುದಿಲ್ಲ ಎಂಬುದು ಮೊದಲನೆಯದು. ಡಿಸ್ಕ್ ಬೀರುವಿನೊಳಗೆ ಇರುವಾಗಲೇ ‘ಆ ಫೈಲು ಇಂಥದ್ದರಲ್ಲಿದೆ’ ಎಂದು ಹೇಳುವ ತಂತ್ರಾಂಶ ಯಾವುದು ಎಂಬುದು ಎರಡನೆಯದು. ಎರಡನೆಯದಕ್ಕೆ ನನ್ನ ಉತ್ತರ ವಾಯ್ಡ್‌ಟೂಲ್ಸ್‌ನವರ ‘ಎವ್ರಿಥಿಂಗ್’. ಉಚಿತ, ಗಾತ್ರದಲ್ಲೂ ಪುಟ್ಟದು. ಆದರೆ ಹಾಕಿಕೊಂಡು ಸುಮ್ಮನೆ ಕುಳಿತರೆ ನಿಮಗೆ ಬೇಕಾದ ಕೆಲಸ ಆಗುವುದಿಲ್ಲ.

ವಿಂಡೋಸ್ ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಮಾಡಿಟ್ಟ ಪಟ್ಟಿ) ಮಾಡಿಕೊಳ್ಳುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ನಿಮ್ಮ ಖಾತೆಯ ಫೋಲ್ಡರುಗಳನ್ನು. ಯುಎಸ್‌ಬಿ ಹಾರ್ಡ್‌ಡಿಸ್ಕನ್ನು ‘ಇಂಡೆಕ್ಸಿಂಗ್ ಆಪ್ಷನ್ಸ್’ನಲ್ಲಿ ನೀವೇ ಸೇರಿಸಬಹುದು, ಏಕೆಂದರೆ ಅದು ಸಾಮಾನ್ಯವಾಗಿ ಸ್ಥಿರ ಡಿಸ್ಕ್ ಎಂದೇ ವಿಂಡೋಸ್‌ಗೆ ಪರಿಚಯ ಹೇಳಿಕೊಳ್ಳುತ್ತದೆ. ಹೆಚ್ಚಿನ ಪೆನ್‌ಡ್ರೈವ್‌ಗಳು ‘ನಾನು ತೆಗೆದುಹಾಕಬಹುದಾದದ್ದು’ ಎನ್ನುತ್ತವೆ. ಅವುಗಳ ವಿಷಯದಲ್ಲಿ ವಿಂಡೋಸ್ ಮುಖ ತಿರುಗಿಸುತ್ತದೆ. ಇಂಡೆಕ್ಸ್ ಇಲ್ಲದ ಕಡೆ ಹುಡುಕಿದರೆ ಪ್ರತಿಸಲವೂ ಒಂದೊಂದೇ ಫೋಲ್ಡರ್ ತೆರೆದು ನೋಡಬೇಕು. ನೀವು ಹೇಳಿದ ಆಮೆಯ ವೇಗ ಅಲ್ಲಿಂದಲೇ ಬಂದದ್ದು.

ಎವ್ರಿಥಿಂಗ್‌ನ ದಾರಿ ಬೇರೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಂಡೋಸ್‌ನ ಪದ್ಧತಿಯಾದ ಎನ್‌ಟಿಎಫ್‌ಎಸ್ ರೂಪದ ಡಿಸ್ಕ್‌ಗಳಲ್ಲಿ ಎಲ್ಲ ಫೈಲುಗಳ ವಿವರ ಇರುವ ‘ಮಾಸ್ಟರ್ ಫೈಲ್ ಟೇಬಲ್’ ಎಂಬ ಪಟ್ಟಿ ಡಿಸ್ಕಿನಲ್ಲೇ ಇರುತ್ತದೆ. ಎವ್ರಿಥಿಂಗ್ ಫೋಲ್ಡರುಗಳನ್ನು ಅಲೆಯದೆ ನೇರವಾಗಿ ಅದನ್ನೇ ಓದಿಕೊಳ್ಳುತ್ತದೆ. ಬದಲಾವಣೆಗಳನ್ನು ಬರೆದಿಡುವ ಜರ್ನಲ್ ಕೂಡ ಡಿಸ್ಕಿನ ಜೊತೆಗೇ ಸಾಗುವುದರಿಂದ, ಮತ್ತೆ ಜೋಡಿಸಿದಾಗ ಹೊಸದಾಗಿ ಆದದ್ದನ್ನಷ್ಟೇ ನೋಡಿದರೆ ಸಾಕು.

ಈಗ ನಿಮಗೆ ಬೇಕಾದ ಕಡೆ. ಎವ್ರಿಥಿಂಗ್‌ನ ಆಪ್ಷನ್ಸ್ ತೆರೆದು, ಇಂಡೆಕ್ಸಸ್ ಅಡಿಯಲ್ಲಿ ಎನ್‌ಟಿಎಫ್‌ಎಸ್ ಎಂಬಲ್ಲಿಗೆ ಹೋಗಿ. ತೆಗೆದುಹಾಕಬಹುದಾದ ಹೊಸ ಡ್ರೈವ್‌ಗಳನ್ನು ತಾನಾಗಿ ಸೇರಿಸಿಕೊಳ್ಳುವ ಆಯ್ಕೆಗೆ ಗುರುತು ಹಾಕಿ. ಅಲ್ಲೇ ಇರುವ, ಕಳಚಿದ ಡ್ರೈವ್‌ಗಳನ್ನು ಇಂಡೆಕ್ಸ್‌ನಿಂದ ತೆಗೆದುಹಾಕುವ ಆಯ್ಕೆಯ ಗುರುತು ತೆಗೆಯಿರಿ. ಇಷ್ಟಾದರೆ ಡಿಸ್ಕ್ ಕಳಚಿದ ಮೇಲೂ ಅದರ ಫೈಲುಗಳ ಹೆಸರು ಹುಡುಕಾಟದಲ್ಲಿ ಉಳಿಯುತ್ತದೆ. ತೆರೆಯಲು ಹೋದರೆ ಮಾತ್ರ ಸಿಗುವುದಿಲ್ಲ, ಅದು ಸಹಜ.

ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್೩೨ ಅಥವಾ ಎಕ್ಸ್‌ಫ್ಯಾಟ್ ಎಂಬ ಬೇರೆ ಜೋಡಣೆಯ ರೂಪದಲ್ಲಿರುತ್ತವೆ. ಅವುಗಳಲ್ಲಿ ಆ ಟೇಬಲ್ಲೂ ಇಲ್ಲ, ಜರ್ನಲ್ಲೂ ಇಲ್ಲ. ಅವಕ್ಕೆ ‘ಫೈಲ್ ಲಿಸ್ಟ್’ ಒಳ್ಳೆಯದು: ಟೂಲ್ಸ್‌ನಲ್ಲಿ ಫೈಲ್ ಲಿಸ್ಟ್ ಎಡಿಟರ್ ತೆರೆದು, ಇಡೀ ಡ್ರೈವನ್ನು ಸೇರಿಸಿ ಉಳಿಸಿ, ಆ ಪಟ್ಟಿಯನ್ನು ಇಂಡೆಕ್ಸಸ್‌ನಲ್ಲಿ ಫೈಲ್ ಲಿಸ್ಟ್ಸ್ ಎಂಬಲ್ಲಿ ಸೇರಿಸಿ. ಇದು ಆ ಹೊತ್ತಿನ ಚಿತ್ರ ಮಾತ್ರ. ಡ್ರೈವ್‌ಗೆ ಹೊಸದಾಗಿ ಏನಾದರೂ ತುಂಬಿದಾಗ ಪಟ್ಟಿಯನ್ನೂ ಹೊಸದಾಗಿ ಮಾಡಬೇಕು. ಮದುವೆ ಫೋಟೊಗಳಂತೆ ಒಮ್ಮೆ ತುಂಬಿಟ್ಟ ಡಿಸ್ಕ್‌ಗಳಿಗೆ ಇದೇ ಧಾರಾಳವಾಗಿ ಸಾಕು.

ಒಂದು ಗೋಜಲು ಮಾತ್ರ ಎದುರಾಗುತ್ತದೆ. ಜೋಡಿಸಿದ ಡಿಸ್ಕಿಗೆ ವಿಂಡೋಸ್ ಒಂದು ಅಕ್ಷರ ಕೊಡುತ್ತದೆ. ಇವತ್ತು ‘ಎಫ್’ ಆಗಿ ಬಂದ ಡಿಸ್ಕ್ ನಾಳೆ ‘ಜಿ’ ಆಗಿ ಬರಬಹುದು, ಇನ್ನೊಂದು ಡಿಸ್ಕ್ ‘ಎಫ್’ ಆಗಬಹುದು. ಆಗ ಪಟ್ಟಿಯಲ್ಲಿರುವ ‘ಎಫ್’ ಯಾವ ಡಿಸ್ಕ್ ಎಂದು ಗೊತ್ತಾಗುವುದು ಹೇಗೆ? ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪ್ರತಿಯೊಂದಕ್ಕೂ ಇಂಗ್ಲಿಷ್ ವರ್ಣಮಾಲೆಯ ಕೊನೆಯ ಕಡೆಯ ಬೇರೆ ಬೇರೆ ಅಕ್ಷರ ಗೊತ್ತುಮಾಡಿ. ಅದಕ್ಕಿಂತ ಗಟ್ಟಿಯಾದ ಉಪಾಯ ಎಂದರೆ ಪ್ರತಿ ಡಿಸ್ಕಿನಲ್ಲೂ ಎಲ್ಲವನ್ನೂ ‘ಕಪ್ಪು-ದೊಡ್ಡದು’, ‘ನೀಲಿ-ಹಳೆಯದು’ ಎಂಬಂಥ ಒಂದೇ ಫೋಲ್ಡರಿನೊಳಗೆ ಇಡುವುದು. ಹುಡುಕಿದಾಗ ದಾರಿಯ ಜೊತೆ ಡಿಸ್ಕಿನ ಹೆಸರೂ ಕಣ್ಣಿಗೆ ಬೀಳುತ್ತದೆ.

ಮ್ಯಾಕ್‌ನ ಹುಡುಕಾಟದ ತಂತ್ರಾಂಶ ಸ್ಪಾಟ್‌ಲೈಟ್ ಎವ್ರಿಥಿಂಗ್‌ಗೆ ತದ್ವಿರುದ್ಧ. ಅದು ಇಂಡೆಕ್ಸನ್ನು ಆಯಾ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಡಿಸ್ಕ್ ಹೋದರೆ ಇಂಡೆಕ್ಸೂ ಹೋಯಿತು, ಹಾಗಾಗಿ ನಿಮ್ಮ ಕೆಲಸಕ್ಕೆ ಅದು ಬಾರದು. ಸ್ನೇಹಿತರ ಮ್ಯಾಕ್‌ಗೆ ಹಾಕಿ ತಂದ ಪೆನ್‌ಡ್ರೈವ್‌ನಲ್ಲಿ ‘ಸ್ಪಾಟ್‌ಲೈಟ್-ವಿ೧೦೦’ ಎಂಬ ಫೋಲ್ಡರ್ ಕಂಡರೆ ವೈರಸ್ ಎಂದು ಗಾಬರಿಯಾಗಬೇಡಿ.

ಎವ್ರಿಥಿಂಗ್ ತಾನಾಗಿ ಇಂಡೆಕ್ಸ್ ಮಾಡುವುದು ಹೆಸರುಗಳನ್ನು, ಒಳಗಿನ ಬರಹವನ್ನಲ್ಲ. ಬರಹವನ್ನೂ ಹುಡುಕಬೇಕಾದರೆ ‘ಡಾಕ್‌ಫೆಚರ್’ ನೋಡಿ. ಅದರ ಪೋರ್ಟಬಲ್ ಆವೃತ್ತಿಯನ್ನು ಇಂಡೆಕ್ಸ್ ಸಮೇತ ಡಿಸ್ಕಿನಲ್ಲೇ ಇಟ್ಟುಕೊಳ್ಳಬಹುದು; ಬೇರೆ ಕಂಪ್ಯೂಟರಿಗೆ ಹಾಕಿದರೂ ಹುಡುಕಾಟ ನಡೆಯುತ್ತದೆ.

ಕಚೇರಿಯ ಡಿಸ್ಕ್‌ಗಳೂ ಇವೆ ಎಂದಿದ್ದೀರಿ. ವಿಂಡೋಸ್‌ನ ಗೂಢಲಿಪಿ ಸೌಲಭ್ಯವಾದ ಬಿಟ್‌ಲಾಕರ್‌ನಿಂದ ಬೀಗ ಹಾಕಿದ ಡಿಸ್ಕನ್ನು ಒಮ್ಮೆ ತೆರೆದು ಇಂಡೆಕ್ಸ್ ಮಾಡಿದರೆ, ಅದರ ಫೈಲುಗಳ ಹೆಸರುಗಳು ನಿಮ್ಮ ಕಂಪ್ಯೂಟರಿನಲ್ಲಿ ಬೀಗವಿಲ್ಲದೆ ಉಳಿಯುತ್ತವೆ. ಹಲವರು ಬಳಸುವ ಕಂಪ್ಯೂಟರಾದರೆ ಅಂಥ ಡಿಸ್ಕ್‌ಗಳನ್ನು ಪಟ್ಟಿಯಿಂದ ಹೊರಗಿಡಿ.

ಇನ್ನು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಮಾಡಿದ ನಿಮ್ಮ ಹಳೆಯ ಫೈಲುಗಳು. ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡ್‌ಗೆ ಮೊದಲಿನ ಫಾಂಟ್‌ನಲ್ಲಿ ಬೆರಳಚ್ಚಾದ ಕನ್ನಡ, ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಅದು ವಿಚಿತ್ರ ರೋಮನ್ ಅಕ್ಷರಗಳ ಸಾಲು. ಹಾಗಾಗಿ ‘ವರದಿ’ ಎಂದು ಇವತ್ತಿನ ಕೀಲಿಮಣೆಯಲ್ಲಿ ಹುಡುಕಿದರೆ ಯಾವ ತಂತ್ರಾಂಶಕ್ಕೂ ಸಿಗದು. ಪದವನ್ನು ಪರಿವರ್ತಕದಲ್ಲಿ ಹಳೆಯ ರೂಪಕ್ಕೆ ಬದಲಿಸಿ ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ. ಆ ಸಾಲಿನ ನಡುವೆ ಚಿಹ್ನೆಗಳಿದ್ದು ಪದ ತುಂಡಾದರೆ ಅದೂ ಕೈಕೊಡುತ್ತದೆ. ಅಂಥ ಫೈಲುಗಳಿಗೆ ವಿಷಯ, ವರ್ಷ ತಿಳಿಯುವಂಥ ಹೆಸರು ಕೊಟ್ಟು ಎವ್ರಿಥಿಂಗ್‌ಗೆ ಬಿಡುವುದೇ ಸುಲಭ.