ಸರ್ಕಾರಿ ತೈಲ ಕಂಪನಿಗಳಿಂದ ದೇಶಕ್ಕೆ ಏನು ಉಪಯೋಗ? ಖಾಸಗಿಯವರಿಗೆ ಕೊಟ್ಟರೆ ಆಗುವುದಿಲ್ಲವೇ?

ಕೊಡಗಿನ ಸುಂಟಿಕೊಪ್ಪದ ಹತ್ತಿರ ನನಗೆ ಎಂಟು ಎಕರೆ ರೋಬಸ್ಟಾ ಕಾಫಿ ತೋಟವಿದೆ. ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಫೆಬ್ರವರಿ ಬಂತೆಂದರೆ ಡೀಸೆಲ್ ಲೆಕ್ಕ ಶುರು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆ ಬದಿಯಲ್ಲಿ ಡೀಸೆಲ್ ಇಂಜಿನ್ ಇಟ್ಟು ಸ್ಪ್ರಿಂಕ್ಲರ್ ಹೊಡೆಯಬೇಕು. ಹೂ ಅರಳಿದ ಮೇಲೆ ಸುಮಾರು ಮೂರು ವಾರದೊಳಗೆ ಇನ್ನೊಮ್ಮೆ ನೀರು ಬೇಕು. ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಆಗ ಬಂಕ್‌ನಲ್ಲಿ 'ನೋ ಸ್ಟಾಕ್' ಬೋರ್ಡ್ ನೇತಾಡಿದರೆ ಏನು ಮಾಡಲಿ? ಹಾಗಾಗಿ ನನಗೆ ಮೊದಲು ಬೇಕಾದದ್ದು ಡೀಸೆಲ್ ಸಿಗುತ್ತದೆ ಎನ್ನುವ ಧೈರ್ಯ. ಬೆಲೆ ಆಮೇಲೆ.

ಆ ಧೈರ್ಯ ಸುಮ್ನೆ ಬಂದದ್ದಲ್ಲ. ನಮ್ಮ ಅಜ್ಜನ ಕಾಲದಲ್ಲಿ ಎಣ್ಣೆ ಅಂದರೆ ಬರ್ಮಾ ಶೆಲ್, ಎಸ್ಸೊ, ಕಾಲ್ಟೆಕ್ಸ್. ಎಲ್ಲವೂ ವಿದೇಶಿ. 1956ರಲ್ಲಿ ತೈಲ ಹುಡುಕುವ ಸರ್ಕಾರಿ ಸಂಸ್ಥೆ ಒಎನ್‌ಜಿಸಿ ಆಯೋಗವಾಯಿತು. 1962ರಲ್ಲಿ ರುಮೇನಿಯಾದ ನೆರವಿನಿಂದ ಗುವಾಹಟಿಯಲ್ಲಿ ಕಚ್ಚಾ ತೈಲ ಸಂಸ್ಕರಿಸುವ ಮೊದಲ ಸರ್ಕಾರಿ ರಿಫೈನರಿ ಬಂತು. 1974ರಲ್ಲಿ ಮುಂಬೈ ಆಚೆಯ ಸಮುದ್ರದಲ್ಲಿರುವ ಬಾಂಬೆ ಹೈನಲ್ಲಿ ತೈಲ ಸಿಕ್ಕಿತು. ಅದೇ ವರ್ಷದಿಂದ ಆ ಮೂರೂ ವಿದೇಶಿ ಕಂಪನಿಗಳನ್ನು ಸರ್ಕಾರ ಒಂದೊಂದಾಗಿ ವಶಕ್ಕೆ ತೆಗೆದುಕೊಂಡಿತು. ಇಂದಿನ ಎಚ್‌ಪಿ, ಭಾರತ್ ಪೆಟ್ರೋಲಿಯಂ ಬೆಳೆದದ್ದು ಅವುಗಳಿಂದಲೇ.

ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಎಲ್ಲವೂ ಟ್ಯಾಂಕರ್‌ನಲ್ಲೇ ಬರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರು ಕಡೆಯ ಸಂಪಾಜೆ ಘಾಟಿ ಮುಚ್ಚಿದಾಗ ಟ್ಯಾಂಕರ್ ಮೈಸೂರು ಕಡೆಯಿಂದ ಸುತ್ತಿ ಬಂತು. ಗ್ಯಾಸ್ ಎರಡು ವಾರ ತಡವಾಯಿತು, ಆದರೆ ಬಂತು.

ಈಗ ಖಾಸಗಿಯ ಮಾತು. 2008ರಲ್ಲಿ ಕಚ್ಚಾ ತೈಲ ಗಗನಕ್ಕೇರಿದಾಗ ರಿಲಯನ್ಸ್ ತನ್ನ ಸಾವಿರಕ್ಕೂ ಜಾಸ್ತಿ ಬಂಕ್‌ಗಳನ್ನು ಮುಚ್ಚಿತು. ಅವರದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕಡಿಮೆ ದರಕ್ಕೆ ಮಾರಿದ ನಷ್ಟಕ್ಕೆ ಸರ್ಕಾರ ದುಡ್ಡು ತುಂಬಿಕೊಡುತ್ತಿದ್ದದ್ದು ತನ್ನ ಕಂಪನಿಗಳಿಗೆ ಮಾತ್ರ. ಪೈಪೋಟಿ ಹೇಗೆ ಸಾಧ್ಯ, ಅಲ್ವಾ? ಆದರೂ ಬೆಲೆ ಏರಿದ ದಿನ ಬಾಗಿಲು ಮುಚ್ಚುವ ಸ್ವಾತಂತ್ರ್ಯ ಸರ್ಕಾರಿ ಬಂಕ್‌ಗೆ ಇರಲಿಲ್ಲ. ನನಗೆ ಅದೇ ಮುಖ್ಯ.

ಉಜ್ವಲಾ ಯೋಜನೆಯನ್ನೂ ಹೇಳಲೇಬೇಕು. 2016ರಲ್ಲಿ ಶುರುವಾಗಿ ಬಡ ಹೆಣ್ಣುಮಕ್ಕಳ ಹೆಸರಿನಲ್ಲಿ ಕೋಟಿಗಟ್ಟಲೆ ಕನೆಕ್ಷನ್ ಕೊಟ್ಟವು ಈ ಕಂಪನಿಗಳೇ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಿಗೂ ಸಿಲಿಂಡರ್ ಬಂತು. ಆದರೆ ಸ್ನಾನದ ನೀರು ಈಗಲೂ ಸೌದೆ ಒಲೆಯಲ್ಲೇ ಕಾಯುತ್ತದೆ. ತೋಟದಲ್ಲಿ ಮರಕಸಿ ಮಾಡಿದ, ಅಂದರೆ ನೆರಳು ಮರಗಳ ಕೊಂಬೆ ಕಡಿದ ಸೌದೆ ಪುಕ್ಕಟೆ ಸಿಗುವಾಗ ರೀಫಿಲ್‌ಗೆ ಯಾರು ದುಡ್ಡು ಹಾಕುತ್ತಾರೆ?

ನನ್ನ ಸಿಟ್ಟು ಇರುವುದು ಬೇರೆ ಕಡೆ. 2014ರ ಕೊನೆಯಿಂದ 2016ರ ಆರಂಭದವರೆಗೆ ಕಚ್ಚಾ ತೈಲ ಕುಸಿದಾಗ ಕೇಂದ್ರ ಒಂಬತ್ತು ಸಲ ಎಕ್ಸೈಸ್ ತೆರಿಗೆ ಏರಿಸಿತು. ಡೀಸೆಲ್ ಮೇಲೆ ಲೀಟರಿಗೆ 3.56 ರೂಪಾಯಿ ಇದ್ದದ್ದು 17.33 ಆಯಿತು. ಇಳಿದ ಲಾಭದ ದೊಡ್ಡ ಪಾಲು ನಮ್ಮ ಸ್ಪ್ರಿಂಕ್ಲರ್‌ವರೆಗೆ ಬರಲೇ ಇಲ್ಲ. ಅದು ಕಂಪನಿಗಳ ತಪ್ಪಲ್ಲ, ತೆರಿಗೆಯ ಆಟ. ಮಾಲೀಕ ಬದಲಾದರೂ ತೆರಿಗೆ ಹಾಗೇ ಇರುತ್ತದೆ.

ಭಾರತ್ ಪೆಟ್ರೋಲಿಯಂ ಮಾರಲು 2019ರಲ್ಲಿ ಹೊರಟ ಸರ್ಕಾರ, ಕೊಳ್ಳುವವರು ಹಿಂದೆ ಸರಿದದ್ದರಿಂದ 2022ರಲ್ಲಿ ಕೈಬಿಟ್ಟಿತು. ಮತ್ತೆ ಮಾರಲು ಹೊರಟರೆ ನಾನು ಒಂದೇ ಕೇಳುತ್ತೇನೆ: ರಸ್ತೆ ಕುಸಿದ ಮಳೆಗಾಲದಲ್ಲೂ ಸುಂಟಿಕೊಪ್ಪಕ್ಕೆ ಟ್ಯಾಂಕರ್ ಕಳಿಸುತ್ತೇವೆ ಎಂದು ಹೊಸಬರು ಬರೆದು ಕೊಡುತ್ತಾರಾ?