ಸೈರನ್ ಹಾಕಿಕೊಂಡು ಸಿಗ್ನಲ್ ದಾಟುವಾಗ ಅಪಘಾತವಾದರೆ ಆಂಬುಲೆನ್ಸ್ ಡ್ರೈವರ್ ಮೇಲೆ ಕೇಸ್ ಬೀಳುತ್ತಾ?

ಬೀಳುತ್ತೆ. ನನ್ನ ಮೇಲೆ ಬಿದ್ದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಿಮ್ಮ ಹಾಗೇ, ಸೈರನ್ ಹಾಕಿದ ಮೇಲೆ ರೂಲ್ಸ್ ನಮಗಲ್ಲ ಅಂದುಕೊಂಡೇ ಸ್ಟಿಯರಿಂಗ್ ಹಿಡಿದಿದ್ದೆ. ಸೀನಿಯರ್‌ಗಳು ಹೇಳಿಕೊಟ್ಟದ್ದೂ ಅಷ್ಟೇ.

ಅವತ್ತು ಗಾಡಿಯಲ್ಲಿ ಎದೆನೋವಿನ ಪೇಷೆಂಟ್ ಇದ್ದರು. ದೊಡ್ಡ ಜಂಕ್ಷನ್, ನಮಗೆ ಕೆಂಪು. ಸೈರನ್ ಕೂಗುತ್ತಿತ್ತು, ಮೇಲಿನ ಲೈಟೂ ಉರಿಯುತ್ತಿತ್ತು, ವೇಗ ಇಳಿಸಿಯೂ ಇದ್ದೆ. ಬಲಗಡೆಯಿಂದ ಬರುತ್ತಿದ್ದ ಬಸ್ಸಿನ ಡ್ರೈವರ್ ನನ್ನನ್ನು ನೋಡಿ ನಿಲ್ಲಿಸಿದ, ಕೈ ಬೀಸಿ 'ಹೋಗು' ಅಂದ. ನಾನು ಆಕ್ಸಿಲರೇಟರ್ ಒತ್ತಿದೆ.

ಅಲ್ಲೇ ತಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಬೇಕಾಗಿರುವುದು ಇದೇ. ಬಸ್ಸಿನ ಆಚೆ ಇನ್ನೊಂದು ಲೇನ್ ಇತ್ತು. ಆ ಲೇನಿನಲ್ಲಿ ಬರುವವನಿಗೆ ಬಸ್ಸು ಗೋಡೆ ಇದ್ದ ಹಾಗೆ: ನನ್ನ ಗಾಡಿಯೂ ಕಾಣದು, ಲೈಟೂ ಕಾಣದು. ಹೆಲ್ಮೆಟ್ ಒಳಗೆ ಸೈರನ್ ಕೇಳಿಸಿದರೂ ಯಾವ ದಿಕ್ಕಿನಿಂದ ಅಂತ ಗೊತ್ತಾಗದು. ಅವತ್ತು ಹಾಗೆ ಬಂದ ಸ್ಕೂಟರಿನವನಿಗೆ ಕಂಡದ್ದು ಹಸಿರು ದೀಪ, ಎದುರಿಗೊಂದು ನಿಂತ ಬಸ್ಸು. ಯಾರಾದರೂ ಮಾಡುವ ಹಾಗೆ ಬಸ್ಸಿನ ಬಲಕ್ಕೆ ಸ್ಕೂಟರ್ ತಿರುಗಿಸಿ ಮುಂದೆ ಬಂದ. ಬಸ್ ಡ್ರೈವರ್ ಕೈ ಬೀಸಿದ್ದು ತನ್ನ ಬಸ್ಸಿನ ಪರವಾಗಿ ಮಾತ್ರ. ನಾನು ಅದನ್ನು ಇಡೀ ರಸ್ತೆಯ ಪರವಾಗಿ ಅಂತ ತಿಳಿದುಕೊಂಡೆ. ಬಸ್ಸಿನ ಅಂಚಿಗೆ ನನ್ನ ಬಂಪರ್ ಬಂದಾಗ ಇನ್ನೊಮ್ಮೆ ಪೂರ್ತಿ ಬ್ರೇಕ್ ಒತ್ತಿ, ಆಚೆ ಇಣುಕಿ, ಆಮೇಲೆ ಹೋಗಬೇಕಿತ್ತು. ಮೂರ್ನಾಲ್ಕು ಸೆಕೆಂಡಿನ ಕೆಲಸ.

ಸ್ಕೂಟರಿನವನ ಕಾಲು ಮುರಿಯಿತು. ನಮ್ಮ ಪೇಷೆಂಟ್ ಇನ್ನೊಂದು ಆಂಬುಲೆನ್ಸ್ ಬರುವವರೆಗೆ ಅಲ್ಲೇ ಕಾಯಬೇಕಾಯಿತು. ಅವರ ಮಗಳು ಡ್ರಿಪ್ ಬಾಟಲಿ ಎತ್ತಿ ಹಿಡಿದುಕೊಂಡು ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಅದೇ ಸಿಗ್ನಲ್ ನಮ್ಮ ಕಡೆಗೆ ಎಷ್ಟು ಸಲ ಹಸಿರಾಯಿತೋ! ಇಬ್ಬರೂ ಉಳಿದರು. ನನ್ನ ಮೇಲೆ ಪೊಲೀಸರು ಐಪಿಸಿ (ಆಗಿನ ಭಾರತೀಯ ದಂಡ ಸಂಹಿತೆ) 279, 338 ಹಾಕಿದರು, ಅಂದರೆ ಅಜಾಗರೂಕ ಚಾಲನೆ ಮತ್ತು ಅದರಿಂದ ಗಂಭೀರ ಗಾಯ, ಮಾಲೀಕರು ಕೆಲಸದಿಂದ ತೆಗೆದರು.

ವಿನಾಯಿತಿ ಇರುವುದು ನಿಜ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ತುರ್ತು ಕರ್ತವ್ಯದ ಮೇಲೆ, ಸೈರನ್ ಮತ್ತು ಲೈಟ್ ಹಾಕಿಕೊಂಡು ಹೋಗುವಾಗ ಕೆಂಪು ದೀಪ ದಾಟಬಹುದು, ವೇಗಮಿತಿ ಮೀರಬಹುದು. ಆದರೆ ಅದೇ ನಿಯಮ, ಎಚ್ಚರಿಕೆಯಿಂದ, ನಿಮ್ಮದೇ ಹೊಣೆಯಲ್ಲಿ ಅಂತಲೂ ಹೇಳುತ್ತೆ. ಅಂದರೆ ಸಿಗ್ನಲ್ ಜಂಪ್‌ಗೆ ದಂಡ ಬೀಳದೆ ಇರಬಹುದು. ಗುದ್ದಿದ್ದಕ್ಕೆ ಉತ್ತರ ಕೊಡಬೇಕಾದವರು ನೀವೇ. ಈಗ ಐಪಿಸಿ ಬದಲಿಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದಿದೆ: ಅಜಾಗರೂಕ ಚಾಲನೆಗೆ 281, ಗಂಭೀರ ಗಾಯವಾದರೆ 125(ಬಿ), ಸಾವಾದರೆ 106(1), ಅದರಲ್ಲಿ ಐದು ವರ್ಷದವರೆಗೆ ಜೈಲು. ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕೆಳಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಇದೆ ಅಂತ ಧೈರ್ಯ ತಂದುಕೊಳ್ಳಬೇಡಿ. ನಿಮ್ಮನ್ನು ನೋಡಲು ಸಾಧ್ಯವೇ ಇಲ್ಲದವನು ದಾರಿ ಬಿಡುವುದು ಹೇಗೆ?

ಅದಕ್ಕೇ, ಕೇಸ್ ಬೀಳುತ್ತಾ ಅನ್ನುವ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಕೆಂಪು ದೀಪದಲ್ಲಿ ಮೊದಲು ಗಾಡಿ ನಿಲ್ಲಿಸಿ, ನಿಂತ ಮೇಲೆ ಒಂದೊಂದೇ ಲೇನ್ ದಾಟಿ, ಪ್ರತಿ ಲೇನಿಗೂ ಬೇರೆಯಾಗಿ ನೋಡಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಎಡಗಡೆ ನೋಡಿ 'ಕ್ಲಿಯರ್' ಅಂತ ಬಾಯಿಬಿಟ್ಟು ಹೇಳಲು ಹೇಳಿ. ಜಂಕ್ಷನ್ ಹತ್ತಿರ ಬಂದಾಗ ಸೈರನ್ನಿನ ಟ್ಯೂನ್ ಬದಲಿಸಿ, ಒಂದೇ ರಾಗ ಕೇಳಿ ಮರಗಟ್ಟಿದ ಕಿವಿ ಅದಕ್ಕೆ ಎಚ್ಚೆತ್ತುಕೊಳ್ಳುತ್ತೆ. ಪೇಷೆಂಟನ್ನು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗ ಸೈರನ್ ಮುಟ್ಟಲೇಬೇಡಿ, ಆಗ ನಿಮಗೆ ಯಾವ ವಿನಾಯಿತಿಯೂ ಇಲ್ಲ. ಬೇಗ ಬಾ ಅಂತ ಮಾಲೀಕರು ಫೋನಿನಲ್ಲಿ ಒತ್ತಡ ಹಾಕಿದರೆ ಓಡಿಸುವಾಗ ಫೋನ್ ಎತ್ತಬೇಡಿ. ಗಾಡಿಗೆ ಡ್ಯಾಶ್‌ಕ್ಯಾಮ್ ಇಲ್ಲದಿದ್ದರೆ ನಾಳೆಯೇ ಹಾಕಿಸಲು ಕೇಳಿ. ನೀವು ನಿಂತು, ನೋಡಿ ದಾಟಿದ್ದೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.