ಮೊದಲ ಪುಟ ಸರಿ, ಮುಂದಿನದು ಕಸ: ನಿಮ್ಮ ವರ್ಟಿಯೋ ಬ್ಲಾಕ್ ಡ್ರೈವರ್ ಬಗ್ಗೆ

ವರ್ಟಿಯೋ (virtio) ಅಂದರೆ ವರ್ಚುವಲ್ ಮಷೀನ್‌ಗೆ ಡಿಸ್ಕ್‌ನಂಥ ಡಿವೈಸ್‌ಗಳನ್ನು ಒದಗಿಸುವ ಮಾನದಂಡ. ಅದರ ಡಿಸ್ಕ್‌ನಿಂದ ನೀವು 16 ಕೆಬಿ ಓದಿಸಿದಾಗ ಮೊದಲ 4096 ಬೈಟ್ ಮಾತ್ರ ಸರಿ ಬರುತ್ತದೆ, ಆದರೂ ಸ್ಟೇಟಸ್ ಬೈಟ್ 0 (ಅಂದರೆ ದೋಷವಿಲ್ಲ) ಇದೆ ಅಂದಿರಿ. ಈ ಲಕ್ಷಣ ನೋಡಿದರೆ ಸಮಸ್ಯೆ ಡಿಸ್ಕ್ ಕಡೆ ಇಲ್ಲ, ಬಫರ್ ವಿಳಾಸದಲ್ಲಿದೆ.

ನಿಮ್ಮ ಬಫರ್ ವರ್ಚುವಲ್ ವಿಳಾಸದಲ್ಲಿ, ಅಂದರೆ ನಿಮ್ಮ ಕೋಡ್ ಬಳಸುವ ವಿಳಾಸದಲ್ಲಿ, ಒಂದೇ ಸಾಲಿನಲ್ಲಿದೆ. ಆದರೆ ಅದರ ಹಿಂದಿರುವ, 4096 ಬೈಟ್‌ನ ನಾಲ್ಕು ಪುಟಗಳು ಫಿಸಿಕಲ್ ಮೆಮೊರಿಯಲ್ಲಿ (ನಿಜವಾದ RAM) ಅಕ್ಕಪಕ್ಕ ಇರಬೇಕಂತಿಲ್ಲ ಅಲ್ವಾ? ಡಿವೈಸ್‌ಗೆ ವರ್ಚುವಲ್ ವಿಳಾಸವನ್ನು ಫಿಸಿಕಲ್ ವಿಳಾಸಕ್ಕೆ ಬದಲಿಸುವ ನಿಮ್ಮ ಪೇಜ್ ಟೇಬಲ್ ಕಾಣುವುದಿಲ್ಲ. ಮೊದಲ ಪುಟದ ಫಿಸಿಕಲ್ ವಿಳಾಸ ಮತ್ತು 16384 ಎಂಬ ಉದ್ದ ಕೊಟ್ಟರೆ ಅದು ಅಲ್ಲಿಂದ ನೇರವಾಗಿ ಬರೆಯುತ್ತಾ ಹೋಗುತ್ತದೆ. ಅಂದರೆ ಉಳಿದ 12 ಕೆಬಿ ಬೇರೆ ಯಾರದೋ ಪುಟಗಳ ಮೇಲೆ ಬಿದ್ದಿದೆ. ದಯವಿಟ್ಟು ಇದನ್ನು ಮೊದಲು ಸರಿಮಾಡಿ. ಇವತ್ತು ಕಸ ಕಂಡಿದೆ, ನಾಳೆ ಕರ್ನಲ್ ಸಂಬಂಧವೇ ಇಲ್ಲದ ಜಾಗದಲ್ಲಿ ಕುಸಿಯಬಹುದು.

ಪ್ರತಿ ಪುಟಕ್ಕೂ ಒಂದು ಡಿಸ್ಕ್ರಿಪ್ಟರ್ (ವಿಳಾಸ, ಉದ್ದ ಮತ್ತು ಫ್ಲ್ಯಾಗ್‌ಗಳಿರುವ ನಮೂದು) ಕೊಡಿ. ಮೊದಲು 16 ಬೈಟ್‌ನ ಹೆಡರ್, ನಂತರ ನಾಲ್ಕು ಡೇಟಾ ಡಿಸ್ಕ್ರಿಪ್ಟರ್, ಕೊನೆಗೆ ಒಂದು ಬೈಟ್‌ನ ಸ್ಟೇಟಸ್. ಇದು ಓದುವ ಕೋರಿಕೆ. ಹಾಗಾಗಿ ಡೇಟಾ ಮತ್ತು ಸ್ಟೇಟಸ್ ಎರಡಕ್ಕೂ ರೈಟ್ ಫ್ಲ್ಯಾಗ್ (ಡಿವೈಸ್ ಇಲ್ಲಿ ಬರೆಯಬಹುದು ಎಂಬ ಗುರುತು) ಬೇಕು, ಹೆಡರ್‌ಗೆ ಬೇಡ. ಕೊನೆಯದನ್ನು ಬಿಟ್ಟು ಎಲ್ಲಕ್ಕೂ ನೆಕ್ಸ್ಟ್ ಫ್ಲ್ಯಾಗ್ (ಮುಂದೆ ಇನ್ನೊಂದು ಡಿಸ್ಕ್ರಿಪ್ಟರ್ ಇದೆ ಎಂಬ ಗುರುತು) ಹಾಕಿ. ಅಕ್ಕಪಕ್ಕದ ಪುಟ ಸಿಕ್ಕರೆ ಒಂದೇ ಡಿಸ್ಕ್ರಿಪ್ಟರ್‌ಗೆ ಸೇರಿಸಿಕೊಳ್ಳುವುದು ಆಮೇಲಿನ ಮಾತು.

ಸ್ಟೇಟಸ್ 0 ನೋಡಿ ಮೋಸಹೋಗಬೇಡಿ. ಹೇಳಿದ ವಿಳಾಸಕ್ಕೆ ಬರೆದೆ ಅಂತ ಮಾತ್ರ ಅದರ ಅರ್ಥ. ದೊಡ್ಡ ಕೋರಿಕೆ ಕಳಿಸುವ ಮುಂಚೆ ಕಾನ್ಫಿಗ್‌ನಲ್ಲಿರುವ ಸೆಗ್ ಮ್ಯಾಕ್ಸ್ (seg_max) ಮಿತಿಯನ್ನೂ, ಅಂದರೆ ಒಂದು ಕೋರಿಕೆಯಲ್ಲಿ ಗರಿಷ್ಠ ಎಷ್ಟು ಡೇಟಾ ತುಂಡುಗಳಿರಬಹುದು ಎಂಬುದನ್ನೂ ನೋಡಿ.